ಆರು ಗಂಟೆಯ ಮೇಲಿನ ಸದ್ದು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲಿಕ್ಕಿಲ್ಲ. ಇದು ಆಗಿದ್ದು ಬೇರೆ ಯಾರಿಗೋ ಅಲ್ಲ, ನಮ್ಮ ಚಿಕ್ಕಮ್ಮನ ಮಗನಿಗೇ. ಹಳೇ ಮನೆ ಕೆಡವಿಸೋದು ಅವನ ಕಸುಬು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಸುತ್ತಿಗೆಯಣ್ಣ.

ಆವತ್ತು ರಾತ್ರಿ ಹೊತ್ತಾಗಿತ್ತು. ಒಬ್ಬನೇ ನಡೆದುಕೊಂಡು ಮನೆಗೆ ಬರುತ್ತಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ. ನೀರು ಬತ್ತಿ, ಮೇಲೆ ಕಲ್ಲುಚಪ್ಪಡಿ ಎಳೆದು ಎಷ್ಟೋ ಕಾಲವಾಗಿತ್ತು. ಬಾವಿಗೆ ಹೊಂದಿಕೊಂಡೇ ಇವನು ಕೆಡವುತ್ತಿದ್ದ ಮನೆ. ಇನ್ನೇನು ಬಾವಿ ದಾಟಬೇಕು... ಆಗ ಕೇಳಿಸಿತು.

ಟಕ್... ಟಕ್.

ನಿಂತ. ಗಾಳಿ ಕೂಡ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸರ್‌ರ್ ಅಂತ ಏನೋ ಎಳೆದ ಹಾಗೆ. ಮತ್ತೆ ಟಕ್... ಟಕ್. ಅರ್ಧ ಕೆಡವಿದ ಆ ಮನೆಯ ಒಳಗಿಂದಲೇ.

ಅವನಿಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. ಯಾಕೆ ಬರಬಾರದು ಹೇಳಿ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮನೆ ಕೆಡವಿ ನೋಡಿಲ್ಲ. ಕಚೇರಿಗೆ ಮೊದಲೇ ಅರ್ಜಿ ಕೊಡಬೇಕು. ಕರೆಂಟಿನವರಿಗೆ ಹೇಳಿ ತಂತಿ ಬಿಚ್ಚಿಸಬೇಕು, ನೀರಿನವರಿಗೆ ಹೇಳಿ ನಲ್ಲಿ ಕಟ್ ಮಾಡಿಸಬೇಕು. ಇವರು ಅವರ ಹತ್ತಿರ ಹೋಗು ಅಂತಾರೆ, ಅವರು ಊಟಕ್ಕೆ ಹೋಗಿರ್ತಾರೆ. ಚಪ್ಪಲಿ ಸವೆದರೂ ಸರಿ ಅಂತ ಎಲ್ಲ ಮಾಡಿದ್ದ. ಗೇಟಿಗೆ ನೋಟಿಸ್ ಅಂಟಿಸಿದ್ದ. ಅಕ್ಕಪಕ್ಕದ ಪ್ರತಿ ಮನೆಗೂ ಹೋಗಿ ಕೈಮುಗಿದು ಹೇಳಿಬಂದಿದ್ದ. ಧೂಳು ಹಾರಬಾರದು ಅಂತ ಹಸಿರು ಪರದೆ ಕಟ್ಟಿಸಿ, ದಿನಾ ಟ್ಯಾಂಕರ್ ತರಿಸಿ ಗೋಡೆಗೆ ನೀರು ಹೊಡೆಸುತ್ತಿದ್ದ. ಸಂಜೆ ಆರಾಯಿತೋ, ಅರ್ಧ ಎತ್ತಿದ ಸುತ್ತಿಗೆಯನ್ನೂ ಕೆಳಗಿಡಿಸುತ್ತಿದ್ದ.

ಆದರೂ ಪಕ್ಕದ ಮನೆ ಟೀಚರಮ್ಮ ಬೆಳಿಗ್ಗೆ ಬೆಳಿಗ್ಗೆ ಕಾಂಪೌಂಡಿನ ಆಚೆ ನಿಂತು ಶುರು ಮಾಡೋರು.

"ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ಹೇಳಿದ್ನಲ್ಲಾ ಟೀಚರಮ್ಮ. ನಿಮ್ಮ ಮನೇಲೇ ಕೂತು ಹೇಳಿದ್ದೆ."

"ಕೆಡವ್ತೀನಿ ಅಂದೆ. ರಾತ್ರಿಯೆಲ್ಲಾ ಟಕಟಕ ಅನ್ನಿಸ್ತೀನಿ ಅನ್ನಲಿಲ್ಲ."

"ರಾತ್ರಿ ಯಾರು ಕೆಲಸ ಮಾಡ್ತಾರೆ? ಆರಕ್ಕೇ ನಿಲ್ಲಿಸ್ತೀವಿ."

"ಹಾಗಾದ್ರೆ ನನ್ನ ಕಿವಿ ಸುಳ್ಳು ಹೇಳುತ್ತಾ?"

ಆಕೆ ಕಚೇರಿಗೆ ದೂರು ಕೊಟ್ಟರು. ಒಂದಲ್ಲ, ಎರಡು. ಸಾಹೇಬರು ಕರೆಸಿ, ಮುಖ ಕೂಡ ನೋಡದೆ ಹೇಳಿದರು: "ಇನ್ನೊಂದು ದೂರು ಬಂದ್ರೆ ನಿಮ್ಮ ಲೈಸೆನ್ಸೇ ರದ್ದು." ಲೈಸೆನ್ಸ್ ಹೋದರೆ ಅವನ ಕೈಯಲ್ಲಿ ಬೇರೆ ಕಸುಬಿಲ್ಲ. ಮೊದಲು ಗಾರೆ ಕೆಲಸದವನೇ. ಕಟ್ಟೋಕೆ ಯಾರೂ ಕರೆಯದೆ ಹೋದಾಗ ಕೆಡವೋಕೆ ಇಳಿದವನು.

ಇದರ ಮೇಲೆ ಆಳುಗಳ ತಲೆನೋವು ಬೇರೆ. ಬಾವಿ ಕಡೆಯ ಗೋಡೆಯನ್ನು ಸಂಜೆ ಸೊಂಟದ ಮಟ್ಟಕ್ಕೆ ಇಳಿಸಿ ಹೋಗೋರು. ಬೆಳಿಗ್ಗೆ ನೋಡಿದರೆ ಎದೆಮಟ್ಟ.

"ನಿನ್ನೇನೇ ಇಳಿಸಿದ್ವಿ ಅಣ್ಣಾ."

"ಇಳಿಸಿದ್ದು ಮತ್ತೆ ಏರುತ್ತಾ? ಗೋಡೆ ಏನು ಬಳ್ಳಿನಾ?" ಅಂತ ಬಾಯಿಗೆ ಬಂದ ಹಾಗೆ ಬೈದಿದ್ದ.

ಹೀಗೆ ಮೈ ಪರಚಿಕೊಳ್ಳುವಷ್ಟು ಬೇಸತ್ತವನಿಗೆ ಆ ರಾತ್ರಿ ಸದ್ದು ಕೇಳಿದ್ದು. ಯಾರೋ ಇಟ್ಟಿಗೆ ಕದಿಯೋರು, ಇವರಿಂದಲೇ ನನ್ನ ಅನ್ನಕ್ಕೆ ಕಲ್ಲು ಬೀಳ್ತಿದೆ ಅಂದುಕೊಂಡ. ಪರದೆ ಎತ್ತಿ ಒಳಗೆ ನುಗ್ಗಿದ.

ಒಳಗೆ ಸದ್ದು ಚೆನ್ನಾಗಿ ಕೇಳಿಸಿತು... ಕೆಡವೋ ಸದ್ದಲ್ಲ ಅದು. ಕೆಡವೋ ಸುತ್ತಿಗೆ ಧಡ್ ಅನ್ನುತ್ತೆ, ಅದರ ಹಿಂದೆಯೇ ಪುಡಿ ಬುಳಬುಳ ಉದುರುತ್ತೆ. ಇದು ಹಾಗಲ್ಲ. ಗಾರೆ ಬೀಳುವ ಪಚ್. ಅದನ್ನು ಸವರಲು ಕರಣೆ ಎಳೆಯುವ ಸರ್‌ರ್. ಆಮೇಲೆ ಇಟ್ಟಿಗೆ ಕೂರಿಸಿ ಕರಣೆಯ ಹಿಡಿಯಿಂದ ಎರಡು ಸಲ... ಟಕ್, ಟಕ್. ಚಿಕ್ಕಂದಿನಿಂದ ಅವನ ಕೈಯೇ ಮಾಡಿದ ಸದ್ದು.

ಯಾರೋ ಕಟ್ಟುತ್ತಿದ್ದರು.

ಮೊಬೈಲಿನ ಬೆಳಕು ಬಿಟ್ಟ. ಸದ್ದು ನಿಂತಿತು. ಯಾರೂ ಇಲ್ಲ. ಬಾವಿ ಕಡೆಯ ಗೋಡೆ ಮಾತ್ರ ಎದೆಮಟ್ಟ ನಿಂತಿತ್ತು. ಮೇಲಿನ ಇಟ್ಟಿಗೆಯ ಸಂದಿಗೆ ಬೆರಳಿಟ್ಟ... ಗಾರೆ ಹಸಿ.

ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವನಿಗೆ ಹೆದರಿಕೆಗಿಂತ ರೋಸಿಹೋದದ್ದೇ ಜಾಸ್ತಿ.

"ಯಾರ್ರೀ ಅದು?" ಪಿಸುದನಿಯಲ್ಲೇ ಕೇಳಿದ.

ಗೋಡೆಯ ಆಚೆ ಯಾರೋ ಕುಕ್ಕರುಗಾಲಿನಿಂದ ಎದ್ದ ಹಾಗೆ ಮಂಡಿ ಲಟಕ್ ಅಂತು. ಆಮೇಲೆ ಒಂದು ಮುದಿ ದನಿ... ಮೆಲ್ಲಗೆ.

"ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ಇನ್ನೂ ಯಾರಿಗೆ ಹೇಳ್ಲಿ? ಕಚೇರಿಗೆ ಹೇಳ್ದೆ, ಕರೆಂಟಿನೋರಿಗೆ ಹೇಳ್ದೆ, ನೀರಿನೋರಿಗೆ ಹೇಳ್ದೆ. ಓಣಿಗೆಲ್ಲಾ ಹೇಳ್ದೆ..."

"ಕಟ್ಟಿದೋರಿಗೆ?"

ಸುತ್ತಿಗೆಯಣ್ಣ ಕೈಯಾರೆ ಕಟ್ಟಿದ ಮೊದಲನೇ ಮನೆಯನ್ನೂ ಯಾವಾಗಲೋ ಯಾರೋ ಕೆಡವಿದ್ದರು. ಬಸ್ಸಿನ ಕಿಟಕಿಯಿಂದ ಖಾಲಿ ಜಾಗ ಕಂಡಾಗಲೇ ಅದು ಗೊತ್ತಾದದ್ದು. ಆವತ್ತು ಅವನಿಗೆ ಊಟ ಸೇರಿರಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ.

ಬೆಳಕು ಆರಿಸಿದ. ಮನೆ ಮನೆಗೂ ಹೋಗಿ ಹೇಳಿದ್ದನ್ನೇ ಕತ್ತಲಿಗೆ ಕೈಮುಗಿದು ಹೇಳಿದ.

"ಅಜ್ಜಾ, ನಾಳೆ ಈ ಗೋಡೆ ತೆಗೀತೀವಿ. ಎಂಟು ಗಂಟೆಗೆ ಶುರು. ನೀರು ಹೊಡೆದೇ ತೆಗೀತೀವಿ, ಧೂಳೆಬ್ಬಿಸಲ್ಲ. ಆರಕ್ಕೆ ನಿಲ್ಲಿಸ್ತೀವಿ. ಬೇಜಾರಾಗುತ್ತೆ ಅಂತ ಗೊತ್ತು... ಸಹಿಸ್ಕೊಳ್ಳಿ."

ಗೋಡೆಯ ಆಚೆ ಬಕೆಟ್ಟಿನ ಹಿಡಿ ಕಿಣ್ ಅಂತು. ನೀರು ಸುರಿದ ಸದ್ದು. ಕಬ್ಬಿಣವನ್ನು ಅಂಗೈಯಲ್ಲಿ ಉಜ್ಜುವ ಸದ್ದು. ದಿನದ ಕೆಲಸ ಮುಗಿಸಿದವರು ಹಾಗೆ ಕರಣೆ ತೊಳೆಯುತ್ತಾರೆ. ಇವನು ತಿರುಗಿ ನೋಡದೆ ಮನೆಗೆ ಬಂದ.

ಮರುದಿನ ಗೋಡೆ ಮಧ್ಯಾಹ್ನದೊಳಗೆ ಇಳಿಯಿತು, ಮತ್ತೆ ಏರಲಿಲ್ಲ. ದೂರೂ ಬರಲಿಲ್ಲ, ಲೈಸೆನ್ಸೂ ಉಳಿಯಿತು. ಟೀಚರಮ್ಮ ಮಾತ್ರ, "ಕೊನೆಗೂ ಬುದ್ಧಿ ಬಂತಲ್ಲಪ್ಪಾ ನಿನಗೆ," ಅಂದರಂತೆ. ಇವನು ಹಲ್ಲು ಕಚ್ಚಿಕೊಂಡು ಹೂಂ ಅಂದ.

ಆದರೆ ಗೋಡೆ ಇಳಿಸಿದ ದಿನ ಬೆಳಿಗ್ಗೆ, ಟ್ಯಾಂಕರ್ ಬರುವ ಮೊದಲೇ, ನೋಟಿಸ್ ಅಂಟಿಸಿದ ಗೇಟಿನ ಕೆಳಗೆ ಒಂದು ಹಳೇ ಕರಣೆ ಇತ್ತು. ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿತ್ತು. ತೊಳೆದು ಇಟ್ಟದ್ದು, ಇನ್ನೂ ಒದ್ದೆ. ಅದನ್ನು ಮನೆಗೆ ತಂದ.

ಸುಳ್ಳು ಅನ್ನೋರು ಹೋಗಿ ನೋಡಿ, ಅವನ ಮನೆ ಬಾಗಿಲ ಮೂಲೆಯಲ್ಲೇ ಇದೆ. ಮುಟ್ಟಿದರೆ ಒಣಗಿರುತ್ತೆ. ಅದರ ಕೆಳಗಿನ ನೆಲ ಮಾತ್ರ ದಿನಾ ಬೆಳಿಗ್ಗೆ ಒದ್ದೆ... ನಮ್ಮ ಚಿಕ್ಕಮ್ಮ ಗೊಣಗಿಕೊಂಡೇ ಒರೆಸುತ್ತಾಳೆ.