ಹೇಳೋ ತನಕ ಕೂತ್ಕೋಬೇಡ

ಬಾಗಿಲು ಮುಂದಕ್ಕೆ ಮಾಡಿ ಬಾ... ಚಿಲಕ ಹಾಕಬೇಡ. ಹಾಕಬೇಡ ಅಂದ್ನಲ್ಲ. ಯಾಕೆ ಅಂತ ಆಮೇಲೆ ನಿಂಗೇ ಗೊತ್ತಾಗುತ್ತೆ.

ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಸ್ಕೂಲ್ ಟೀಚರ್ ಇದ್ದಾಳಲ್ಲ ಅಕ್ಕ, ಅವಳಿಗೇನೆ. ಅವಳು ಬುರುಡೆ ಬಿಡೋ ಪೈಕಿ ಅಲ್ಲ. ಲೆಕ್ಕದ ಟೀಚರ್. ದೆವ್ವ ಅಂದ್ರೆ "ಎಲ್ಲಿ, ಬೋರ್ಡ್ ಮೇಲೆ ಬಿಡಿಸಿ ತೋರ್ಸು" ಅಂತ ನಮ್ಮನ್ನೆಲ್ಲ ಆಡಿಕೊಳ್ತಿದ್ದೋಳು.

ಆವತ್ತು ಕತ್ತಲಾದ ಮೇಲೆ ಸ್ಕೂಲಿಂದ ಮನೆಗೆ ಬರ್ತಿದ್ಲು. ಗೇಟ್ ದಾಟಿದ ತಕ್ಷಣ ಒಂದು ಹಳೇ ಬಾವಿ. ನೀರು ಬತ್ತಿ ಯಾವ ಕಾಲ ಆಯ್ತೋ, ಹಗ್ಗನೂ ಇಲ್ಲ, ರಾಟೆ ಮಾತ್ರ ನೇತಾಡ್ತಿದೆ. ಅಕ್ಕನ ಕಣ್ಣು ಕೈಯಲ್ಲಿದ್ದ ಫೋನ್ ಮೇಲೆ. ಅಷ್ಟರಲ್ಲಿ ರಾಟೆ ತಿರುಗಿತು. ಕೀಂಯ್... ಕೀಂಯ್... ಗಾಳಿ ಇರಲಿಲ್ಲ. ಅದರ ಹಿಂದೇನೇ ಒಂದು ಸಣ್ಣ ದನಿ.

"ಮಿಸ್..."

ತಲೆ ಎತ್ತಿ ನೋಡಿದ್ಲು. ಯಾರೂ ಇಲ್ಲ. ಫೋನ್ ಟಿಣ್ ಅಂತು. ಮತ್ತೆ ಅದನ್ನೇ ನೋಡ್ಕೊಂಡು ಮನೆಗೆ ನಡೆದುಬಿಟ್ಲು.

ಅವಳನ್ನ ಬೈಬೇಡಿ. ಆ ಸ್ಕೂಲಲ್ಲಿ ಮುಂಚೆ ಮೂರು ಜನ ಟೀಚರ್ ಇದ್ರು. ಇಬ್ಬರು ವರ್ಗ ಆಗಿ ಹೋದ್ರು, ಅವರ ಜಾಗಕ್ಕೆ ಒಂದು ನೊಣಾನೂ ಬರಲಿಲ್ಲ. ಮೂರು ಕ್ಲಾಸಿನ ಮಕ್ಕಳನ್ನ ಒಂದೇ ಹಾಲಿಗೆ ತುಂಬಿಸಿ, ನಡುವೆ ಬೀರು ಅಡ್ಡ ನಿಲ್ಲಿಸಿ, ಈ ಕಡೆ ಮಗ್ಗಿ ಹೇಳಿಸಿ ಆ ಕಡೆ ಪಾಠ ಓದಿಸ್ತಿದ್ಲು. ಕೂರೋಕೆ ಪುರುಸೊತ್ತಿಲ್ಲ ಅಂತ ಅವಳ ಕುರ್ಚಿ ಮೂಲೆ ಸೇರಿತ್ತು. ಅದರ ಮೇಲೆ ಹಳೇ ಪುಸ್ತಕದ ಕಟ್ಟುಗಳನ್ನ ಒಟ್ಟಿದ್ಲು. ಇದರ ಮೇಲೆ ಆ ಫೋನ್ ಬೇರೆ. ಆ ಮಾಹಿತಿ ಹಾಕು, ಈ ಫೋಟೋ ಕಳಿಸು, ಈಗಲೇ ಕಳಿಸು. ಮೇಲಿನ ಸಾಹೇಬ್ರಿಗೆ ಮಕ್ಕಳು ಕಲಿತ್ರೋ ಇಲ್ವೋ ಬೇಕಿಲ್ಲ, ಕಲಿತ ಫೋಟೋ ಬೇಕು. ಗಾಯದ ಮೇಲೆ ಬರೆ ಅಂದ್ರೆ ಇದೇ ಕಣ್ರೋ.

ಮನೇಲಿ ತಟ್ಟೆ ಇಟ್ಟು ಮಗನನ್ನ ಕರೆದ್ಲು. "ಬಾರೋ, ಕೂತ್ಕೋ. ಆರಿಹೋಗುತ್ತೆ."

ಅಂದವಳು ಸೌಟು ಹಿಡಿದು ಹಾಗೇ ನಿಂತುಬಿಟ್ಲು.

ಕೂತ್ಕೋ... ಈ ಮಾತನ್ನ ಇವತ್ತು ಇನ್ನೊಬ್ಬರಿಗೆ ಹೇಳಬೇಕಿತ್ತು. ಹೇಳಿರಲಿಲ್ಲ.

ಬೀರುವಿನ ಆ ಕಡೆ, ಕೊನೇ ಬೆಂಚಲ್ಲಿ ಒಂದು ಹುಡುಗಿ. ಪಿಸುಗುಬ್ಬಿ ಅಂತ ಮಕ್ಕಳೆಲ್ಲ ಕರೆಯೋದು, ಬಾಯಿ ಬಿಟ್ಟರೆ ಪಿಸುಮಾತೇ. ಹೋಂವರ್ಕ್ ಎಲ್ಲಾ ಈಗ ಫೋನಿಗೆ ಬರುತ್ತಲ್ಲ. ಆ ಮನೇಲಿರೋದು ಒಂದೇ ಫೋನ್, ಅದು ಕಾವಲು ಕೆಲಸದ ಅಪ್ಪನ ಜೇಬಲ್ಲಿ. ಹುಡುಗಿ ವಾರಪೂರ್ತಿ ಹೋಂವರ್ಕ್ ಮಾಡಿರಲಿಲ್ಲ. ಅಕ್ಕನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಆವತ್ತು, ಸಾಹೇಬ್ರು ಬೈದ ಸಿಟ್ಟನ್ನ ಆ ಮಗು ಮೇಲೆ ತೀರಿಸ್ಕೊಂಡ್ಲು. "ಬೆಂಚ್ ಮೇಲೆ ನಿಂತ್ಕೋ. ನಾನು ಹೇಳೋ ತನಕ ಕೂತ್ಕೋಬೇಡ. ಉಸಿರೆತ್ತಬೇಡ."

ಆಮೇಲೆ ಫೋನ್ ಬಂತು. ಬೆಲ್ ಆಯ್ತು. ಮಕ್ಕಳು ಹೋದ್ರು. ಅಕ್ಕ ಬಾಗಿಲ ಹೊಸ್ತಿಲ ಮೇಲೇ ಕೂತು ಕತ್ತಲಾಗೋವರೆಗೂ ಫೋನ್ ಒತ್ತಿ, ಹಾಗೇ ಎದ್ದು ಬೀಗ ಹಾಕ್ಕೊಂಡು ಬಂದ್ಲು. ಬೀರುವಿನ ಆ ಕಡೆ ಹೋಗಿ ನೋಡಲೇ ಇಲ್ಲ.

ಹುಡುಗಿಯ ಅಪ್ಪ ಅಮ್ಮ ಇಬ್ಬರಿಗೂ ರಾತ್ರಿ ಪಾಳಿ. ಬೆಳಗಾಗೋ ತನಕ ಆ ಮಗುನ ಹುಡುಕೋರು ಯಾರೂ ಇಲ್ಲ.

ಅಕ್ಕ ಸೌಟು ಅಲ್ಲೇ ಎಸೆದ್ಲು. ಮಗನನ್ನ ಪಕ್ಕದ ಮನೇಲಿ ಬಿಟ್ಟು ಓಡಿದ್ಲು. ಫೋನ್ ಬೆಳಕಲ್ಲೇ ಓಡ್ತಿದ್ಲು, ಬಾವಿ ಹತ್ರ ಬಂದಾಗ ಅದೂ ಸತ್ತುಹೋಯ್ತು. ಇಡೀ ದಿನ ದುಡಿದ ಬ್ಯಾಟರಿ, ಪಾಪ. ತಡಕಾಡಿ ಬೀಗ ತೆಗೆದ್ಲು. ಬೀಗ ಕೈಯಲ್ಲೇ ಹಿಡ್ಕೊಂಡು ಒಳಗೆ ಹೋದ್ಲು... ಇದನ್ನ ನೆನಪಿಟ್ಕೊಳ್ಳಿ. ಬೀಗ ಅವಳ ಕೈಯಲ್ಲಿತ್ತು.

"ಪುಟ್ಟಿ?"

ಕತ್ತಲು. ಸೀಮೆಸುಣ್ಣದ ವಾಸನೆ. ಬೆಂಚು ತಡವಿಕೊಂಡು ಬೀರು ದಾಟಿದ್ಲು. ಕೈಗೆ ಒಂದು ಸಣ್ಣ ಕಾಲು ಸಿಕ್ಕಿತು. ಮಗು ಇನ್ನೂ ನಿಂತೇ ಇತ್ತು... ಕಾಲು ನಡುಗ್ತಿತ್ತು.

"ಅಯ್ಯೋ ನನ್ನ ಕಂದ. ಕೂತ್ಕೋ. ಕೂತ್ಕೋ ಮಗಳೇ."

ಬೆಂಚು ಕಿರ್ ಅಂತು. ಮಗು ಕೂತಿತು. ಅಷ್ಟೇ... ಹಿಂದೆ ಬಾಗಿಲು ಧಡ್ ಅಂತ ಮುಚ್ಚಿತು. ಹೊರಗಿಂದ ಚಿಲಕ ಸರಿದ ಸದ್ದು. ಕಟಕ್.

ಅಕ್ಕ ಓಡಿ ಬಾಗಿಲು ಎಳೆದ್ಲು. ಅಲ್ಲಾಡಲಿಲ್ಲ. ಗುದ್ದಿದ್ಲು, ಕೂಗಿದ್ಲು. ಸುತ್ತ ಒಂದು ಮನೆ ಇಲ್ಲ, ಕೇಳೋರು ಯಾರು? ಕಿಟಕಿಗೆಲ್ಲ ಕಂಬಿ, ಅವಳೇ ಬೇಡಿ ಕಾಡಿ ಹಾಕಿಸಿದ ಕಂಬಿ. ನನ್ನ ಜತೆ ಈ ಮಗೂನೂ ಸಿಕ್ಕಿಹಾಕ್ಕೊಂಡಿತಲ್ಲ ಅಂತ ಮತ್ತೆ ಮತ್ತೆ ಬಾಗಿಲು ಗುದ್ದಿದ್ಲು.

ಹುಡುಗಿ ಬಂದು ಅವಳ ಬೆರಳು ಹಿಡಿದಳು.

"ಮಿಸ್, ಅವರಿಗೂ ಹೇಳಿ."

"ಯಾರಿಗೆ?"

"ನಿಂತಿದ್ದಾರಲ್ಲ... ಅವರಿಗೆ."

ಅಕ್ಕ ಕಿವಿ ಕೊಟ್ಟು ಕೇಳಿದ್ಲು. ಉಸಿರು... ಹಾಲಿನ ತುಂಬ ಉಸಿರು. ಅತ್ತು ಅತ್ತು ಸುಮ್ಮನಾದ ಮಕ್ಕಳು ಮೂಗೆಳೆದುಕೊಳ್ತಾರಲ್ಲ, ಹಾಗೆ. ಎಲ್ಲಾ ಅವಳ ತಲೆಗಿಂತ ಎತ್ತರದಿಂದ ಬರ್ತಿತ್ತು.

"ಏನು ತಪ್ಪು ಮಾಡಿದೆ ಅಂತ ನನ್ನ ಕೇಳಿದ್ರು ಮಿಸ್," ಅಂತು ಮಗು. "ಹೋಂವರ್ಕ್ ಅಂದೆ. ನಿಮ್ಮದೇನು ಅಂತ ನಾನೂ ಕೇಳಿದೆ. ಅವರಿಗೆ ಮರೆತುಹೋಗಿದೆಯಂತೆ."

ಅಕ್ಕ ಆಗ ಅತ್ತುಬಿಟ್ಲು. ಹೆದರಿಕೆಗಲ್ಲ ಅಂತಾಳೆ ಅವಳು. ತಾನೂ ಎಷ್ಟು ಮಕ್ಕಳನ್ನ ಹೀಗೆ ನಿಲ್ಲಿಸಿದ್ಲು, ಯಾರನ್ನ ಕೂರಿಸಿದ್ಲು, ಯಾರನ್ನ ಮರೆತ್ಲು... ಯಾರಿಗೆ ಗೊತ್ತು? ಹೇಗೋ ಹೇಳಿದ್ಲು.

"ಎಲ್ಲರೂ... ಕೂತ್ಕೊಳ್ಳಿ."

ಕಿರ್. ಹಿಂದಿನ ಬೆಂಚು. ಕಿರ್... ಅದರ ಮುಂದಿಂದು. ಕಿರ್, ಕಿರ್, ಕಿರ್... ಸದ್ದು ಸಾಲಾಗಿ ಬಂತು, ಮುಗೀಲೇ ಇಲ್ಲ. ಆ ಹಾಲಲ್ಲಿ ಅಷ್ಟು ಬೆಂಚೇ ಇಲ್ಲ ಕಣ್ರೋ.

ಕೊನೆಗೂ ಸದ್ದು ನಿಂತಿತು. ಬಾಗಿಲು ತೆಗೀಲಿಲ್ಲ.

"ಮನೆಗೆ ಹೋಗಿ ಅನ್ನಿ ಮಿಸ್. ನೀವು ಹೇಳ್ದೆ ಹೇಗೆ ಹೋಗ್ತಾರೆ?"

"ಮನೆಗೆ ಹೋಗಿ ಮಕ್ಕಳೇ," ಅಂದ್ಲು ಅಕ್ಕ. "ನಿಮ್ಮದೇನೂ ತಪ್ಪಿಲ್ಲ. ಹೋಗಿ."

ಕಟಕ್. ಚಿಲಕ ಸರಿಯಿತು. ಬಾಗಿಲು ತಾನಾಗೇ ತೆರೀತು. ಬರಿಗಾಲ ಸದ್ದು ತಪತಪ ಅಂತ ಅವಳ ಅಕ್ಕಪಕ್ಕದಲ್ಲೇ ಹೊರಗೆ ಓಡಿತು, ಬಾವಿ ದಾಟಿ, ದೂರ... ಅಕ್ಕ ಮಗುನ ಎತ್ಕೊಂಡು ಹೊಸ್ತಿಲು ದಾಟಿದ್ಲು. ಆಗ ಒಳಗೆ, ಮೂಲೇಲಿ, ಇನ್ನೊಂದು ಸದ್ದಾಯ್ತು. ಕುರ್ಚಿ ಎಳೆದ ಸದ್ದು. ಸರ್ರ್... ಯಾರೋ ದೊಡ್ಡವರು, ತುಂಬಾ ದಣಿದವರು, ಉಸ್ಸಪ್ಪಾ ಅಂತ ಕೂತ ಹಾಗೆ.

ಅಕ್ಕ ತಿರುಗಿ ನೋಡಲಿಲ್ಲ.

ಮಗುನ ತನ್ನ ಮನೆಗೇ ಕರ್ಕೊಂಡು ಹೋಗಿ ಉಣಿಸಿ, ಕಾಲು ಒತ್ತಿ ಮಲಗಿಸಿದ್ಲು. ಬೆಳಗ್ಗೆ ತಾನೇ ಅವರಮ್ಮನ ಮುಂದೆ ನಿಂತು ಎಲ್ಲಾ ಹೇಳಿದ್ಲು. ಆ ತಾಯಿ ಬೈದ ಬೈಗುಳ ನಾನು ಹೇಳಲ್ಲ, ಅಕ್ಕ ಒಂದಕ್ಕೂ ಎದುರಾಡಲಿಲ್ಲ. ಪಿಸುಗುಬ್ಬಿ ಮಾತ್ರ ಬ್ಯಾಗ್ ಏರಿಸ್ಕೊಂಡು ಸ್ಕೂಲಿಗೆ ಹೊರಟೇಬಿಟ್ಲು. ಈಗ ಅವಳ ಹೋಂವರ್ಕನ್ನ ಅಕ್ಕನೇ ಕೈಯಲ್ಲಿ ಬರೆದುಕೊಡ್ತಾಳೆ. ದಿನಾ ಸಂಜೆ ಬೀಗ ಹಾಕೋ ಮುಂಚೆ ಬಾಗಿಲಲ್ಲಿ ನಿಂತು, ಖಾಲಿ ಹಾಲಿಗೆ "ಎಲ್ಲರೂ ಮನೆಗೆ ಹೋಗಿ" ಅಂತ ಹೇಳ್ತಾಳೆ. ಹೊಸ ಟೀಚರ್ ಇನ್ನೂ ಬಂದಿಲ್ಲ. ಫೋನಂತೂ ಟಿಣ್ ಅಂತಾನೇ ಇದೆ.

ಆವತ್ತು ಬೆಳಗ್ಗೆ ಹೋಗಿ ನೋಡಿದಾಗ ಪುಸ್ತಕದ ಕಟ್ಟುಗಳು ಗೋಡೆ ಬದಿಗೆ ಒಪ್ಪವಾಗಿ ಜೋಡಿಸಿಟ್ಟ ಹಾಗಿದ್ವಂತೆ. ಕುರ್ಚಿ ಮೇಜಿನ ಮುಂದೆ ಇತ್ತಂತೆ. ಅಕ್ಕ ಅದನ್ನ ಮುಟ್ಟಿಲ್ಲ, ಅದರಲ್ಲಿ ಕೂತೂ ಇಲ್ಲ.

ನಗು ಬಂದ್ರೆ ನಕ್ಕುಬಿಡಿ. ನಾನೂ ನಕ್ಕಿದ್ದೆ. ಮೊನ್ನೆ ದೊಡ್ಡ ರಜ ಮುಗಿದು ಸ್ಕೂಲ್ ಬಾಗಿಲು ತೆಗೆದ ದಿನ, ಕಸ ಗುಡಿಸೋಕೆ ಅಂತ ಅವಳ ಜತೆ ಹೋಗಿದ್ದೆ. ಬೆಂಚು, ಮೇಜು, ಬೀರು, ಎಲ್ಲದರ ಮೇಲೂ ಬೆರಳು ದಪ್ಪ ಧೂಳು. ಕುರ್ಚಿ ಮೇಲೆ ಇರಲಿಲ್ಲ. ಕೈ ಇಟ್ಟು ನೋಡಿದೆ.

ಬೆಚ್ಚಗಿತ್ತು.