ಅಕ್ಕಿಯಲ್ಲಿ ಬರೆದ ಹೆಸರಿನ ಬಗ್ಗೆ ಲೀಲಾಬಾಯಿಯ ಹೇಳಿಕೆ

ನಾನು ಲೀಲಾಬಾಯಿ ಗಂಡ ಪ್ರಭಾಕರ ಸೂರ್ಯವಂಶಿ, ವಯಸ್ಸು 58 ವರ್ಷ, ಉದ್ಯೋಗ ಒಕ್ಕಲುತನ, ವಾಸ ಠಾಣಾ ಕುಶನೂರ, ತಾಲೂಕು ಔರಾದ, ಜಿಲ್ಲೆ ಬೀದರ. ವಲಸೆ ತಪಾಸಣೆ ಮತ್ತು ಬಂಧನದಲ್ಲಿ ಅನ್ಯಾಯವಾದರೆ ಜನರ ದೂರು ಕೇಳುವ ಸರ್ಕಾರದ ಮೇಲ್ವಿಚಾರಣಾ ಕೋಶಕ್ಕೆ ನಾನು ಕೊಟ್ಟ ದೂರಿನ ವಿಚಾರಣೆಗಾಗಿ ಇಂದು ಮಧ್ಯಾಹ್ನ 12 ಗಂಟೆಗೆ ಬೀದರಿಗೆ ಬಂದು, ವಿಚಾರಣಾಧಿಕಾರಿ ಪಿ.ಎಸ್.ಐ. ಸಿದ್ದೇಶ್ವರಿ ಮೇಡಂ ಅವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ನನಗೆ ತುಷಾರ ಎಂಬ ಒಬ್ಬನೇ ಮಗ. ಭಾಲ್ಕಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇದ್ದಾನೆ. ಅವನಿಗೆ 33 ವರ್ಷ ತುಂಬಿದರೂ ನಮ್ಮ ಕಡೆ ಕನ್ಯೆ ಸಿಗಲಿಲ್ಲ. ಆದ್ದರಿಂದ 5 ವರ್ಷಗಳ ಹಿಂದೆ ಪಶ್ಚಿಮ ಬಂಗಾಳದ ಕೂಚ್ ಬಿಹಾರ ಜಿಲ್ಲೆಯಿಂದ ಸೊಸೆ ತಂದೆವು. ಇದು ಊರಿಗೆಲ್ಲ ಗೊತ್ತಿರುವ ಮಾತು, ಕದ್ದುಮುಚ್ಚಿ ಮಾಡಿದ್ದಲ್ಲ. ಸೊಸೆಯ ಹೆಸರು ಪೂನಮ. ಮೊದಲ ವರ್ಷ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ನಾನು ಬೈದಿದ್ದೇನೆ. ಈಗ ನನಗಿಂತ ತೆಳ್ಳಗೆ ಬಡಿಯುತ್ತಾಳೆ.

ದಿನಾಂಕ 2-12-2025, ಮಂಗಳವಾರ ಬೆಳಿಗ್ಗೆ 6.40ಕ್ಕೆ ಒಂದು ಜೀಪು ನಮ್ಮ ಬಾಗಿಲಿನಿಂದ 20 ಅಡಿ ದೂರದಲ್ಲಿ ನಿಂತಿತು. ಐದು ಮಂದಿ ಇಳಿದರು, ಅವರಲ್ಲಿ ಒಬ್ಬರು ಹೆಂಗಸು. ಹೊರಗಿನಿಂದ ಬಂದವರ ಕಾಗದ ನೋಡುವ ತಂಡ ಎಂದು ಹೇಳಿದರು. ಪೂನಮ ಒಲೆಯ ಮುಂದೆ ಕೂತಿದ್ದಳು. ಗಾಬರಿಯಿಂದ ಏಳುವಾಗ ಸೆರಗಿಗೆ ಬೆಂಕಿ ತಗುಲಿ ಹಸಿರು ಸೀರೆಯ ಅಂಚು ಗೇಣುದ್ದ ಸುಟ್ಟಿತು. ಆಗ ಅವಳು ತನ್ನ ತಾಯಿಯ ಭಾಷೆಯಲ್ಲಿ ಚೀರಿದಳು. ಬೆಂಕಿಯನ್ನು ನಾನೇ ಕೈಯಿಂದ ಆರಿಸಿದೆ. ಆ ಭಾಷೆ ಕೇಳಿ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರು ಕೇಳಿದ್ದು ಆಧಾರ ಕಾರ್ಡ್ ಮಾತ್ರ. ಕಾಗದ ಎಷ್ಟು ಹೆಚ್ಚು ತೋರಿಸಿದರೆ ಅಷ್ಟು ಒಳ್ಳೆಯದೆಂದು ಟ್ರಂಕಿನಲ್ಲಿದ್ದ ಚೀಲವನ್ನೇ ತಂದು ಅವರ ಮುಂದೆ ಸುರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಬುದ್ಧಿ. ಅದರಲ್ಲಿ ಸೊಸೆಯ ತವರಿನ ಸಾಲಿ ಸರ್ಟಿಫಿಕೇಟ್ ಇತ್ತು. ಅದರಲ್ಲಿ ಶೇಫಾಲಿ ಬರ್ಮನ್ ಎಂದೂ, ಆಧಾರದಲ್ಲಿ ಪೂನಮ ತುಷಾರ ಸೂರ್ಯವಂಶಿ ಎಂದೂ ಇದೆಯೆಂದು ಅವರು ಓದಿ ಹೇಳಿದರು. ಬಾಂಗ್ಲಾದೇಶದಿಂದ ಬಂದು ಹೆಸರು ಬದಲಿಸಿಕೊಂಡಿದ್ದಾಳೆ ಎಂದು ತಿಳಿಸಿ, 7.15ಕ್ಕೆ ಅವಳನ್ನು ಜೀಪಿನಲ್ಲಿ ಕೂಡಿಸಿದರು. ನಾನು ಬಸ್ ನಿಲ್ದಾಣದವರೆಗೆ, ಅಂದರೆ 400 ಮೀಟರ್, ಬರಿಗಾಲಲ್ಲಿ ಹಿಂದೆ ಓಡಿದೆ. ಅವಳು ತಿರುಗಿ ನೋಡಿ ಹೇಳಿದ ಮಾತು, "ಅತ್ತಿ, ಹಂಚಿನ ಮ್ಯಾಲ ರೊಟ್ಟಿ ಅದರಿ."

ದಿನಾಂಕ 5-12-2025, ಶುಕ್ರವಾರ 11 ಗಂಟೆಗೆ ನಾನು ಮತ್ತು ತುಷಾರ, ಬೀದರಿನ ಚಿದ್ರಿಯ ಆಚೆ ಅವಳನ್ನು ಇಟ್ಟಿದ್ದಾರೆಂದು ಕೇಳಿದ ಕಟ್ಟಡಕ್ಕೆ ಹೋದೆವು. ಗೇಟಿನ ಕಾವಲುಗಾರರು ರಿಜಿಸ್ಟರ್ ನೋಡಿ ಪೂನಮ ಎಂಬವರು ಯಾರೂ ಇಲ್ಲವೆಂದರು. ಆದರೆ ಗೇಟಿನಿಂದ 30 ಅಡಿ ಒಳಗೆ, ಮಾಳಿಗೆಯ ಕಟ್ಟೆಯ ಮೇಲೆ, ಅಂಚು ಸುಟ್ಟ ಹಸಿರು ಸೀರೆ ಒಣಗಲು ಹಾಕಿತ್ತು. ನಾನು ಜೋರಾಗಿ ಕೂಗಿದೆ. ಕೂಗಿದರೆ ನನ್ನನ್ನೂ ಒಳಗೆ ಹಾಕುತ್ತೇವೆ ಎಂದು ಕಾವಲುಗಾರರು ಹೇಳಿದ್ದರಿಂದ ಮಗ ನನ್ನ ಬಾಯಿ ಮುಚ್ಚಿದ.

ಮರುದಿನ ಭಾಲ್ಕಿಯ ಕಂಪ್ಯೂಟರ್ ಅಂಗಡಿಯಿಂದ ಕೋಶಕ್ಕೆ ದೂರು ಕಳಿಸಿದೆವು. ದಿನಾಂಕ 12ರಂದು ಉತ್ತರ ಬಂತು. ಆ ಹೆಸರಿನ ವ್ಯಕ್ತಿ ಬಂಧನದಲ್ಲಿ ಇಲ್ಲ, ಆದ್ದರಿಂದ ದೂರು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಅಯ್ಯೋ ದೇವರೇ, ನಾನು ಕಣ್ಣಾರೆ ಸೀರೆ ನೋಡಿದ್ದೇನೆ. 13ರಂದು ಸೀರೆಯ ವಿಷಯ ಬರೆಸಿ ಮತ್ತೆ ಕಳಿಸಿದ್ದರಿಂದ ಇಂದು ಕರೆದಿದ್ದಾರೆ. 18ನೇ ತಾರೀಖಿಗೆ ಗಡಿಗೆ ಗಾಡಿ ಹೊರಡುತ್ತದೆ ಎಂದು ನಿನ್ನೆ ಗೇಟಿನಲ್ಲಿ ಮಗನಿಗೆ ಹೇಳಿದ್ದಾರೆ. ಗಡಿ ದಾಟಿಸಿದ ಮೇಲೆ ಅವಳನ್ನು ಯಾರ ಮನೆಯಲ್ಲಿ ಕೇಳಲಿ?

ಇಂದು ಬಸ್ಸಿನಲ್ಲಿ ಬರುವಾಗ ನನ್ನ ಗಂಡ ಹೇಳಿದ್ದು, "ಹಳಿ ಹೆಸರಿನ ಮಾತು ತಗೀಬ್ಯಾಡ. ಆಧಾರ ನಿನ್ನ ಕೈಲೇ ಆಗ್ಯಾದ. ನಿನಗೂ ಒಯ್ತಾರ." ಅವರು ಈಗ ಹೊರಗಿನ ಬೆಂಚಿನ ಮೇಲೆ ಇದ್ದಾರೆ. ಮೇಡಂ ಬರೆಯುವುದನ್ನು ನಿಲ್ಲಿಸಿ ನನಗೆ ಹೇಳಿದ್ದು, "ಅಮ್ಮಾ, ರಿಜಿಸ್ಟರದಾಗ ಶೇಫಾಲಿ ಅಂತ ಒಬ್ಬಾಕಿ ಇದ್ದಾಳ. ಇಬ್ಬರೂ ಒಬ್ಬಾಕೇ ಅಂತ ನೀವು ಬರಸಿದ್ರ ದೂರು ಮುಂದ ನಡೀತದ. ಆದ್ರ ಬ್ಯಾರೆ ಹೆಸರಿಲೆ ಆಧಾರ ಮಾಡಿಸಿದವರು ಯಾರು ಅಂತ ಕೇಳ್ತಾರ. ವಿಚಾರ ಮಾಡಿ ಹೇಳ್ರಿ." ನಾನು ನೀರು ಕೇಳಿ ಕುಡಿದೆ. ನನಗೆ ಬಹಳ ಹೆದರಿಕೆ ಆಗುತ್ತಿದೆ, ಇದನ್ನೂ ಬರೆಯಿರಿ ಎಂದಿದ್ದೇನೆ.

ಇಬ್ಬರೂ ಒಬ್ಬಳೇ. ಮನೆಗೆ ಬಂದ ಸೊಸೆಗೆ ಹೊಸ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡಿನ ಕೈಯಿಂದ ಉಂಗುರದಲ್ಲಿ ಬರೆಸುತ್ತೇವೆ. ಹೆಸರು ಆರಿಸಿದವಳು ನಾನು. ಅಂದು ಹುಣ್ಣಿಮೆ ಇತ್ತು, ಅದಕ್ಕೆ ಪೂನಮ ಎಂದೆ. ಅವಳನ್ನು ಒಂದು ಮಾತೂ ಕೇಳಲಿಲ್ಲ. ರೇಷನ್ ಕಾರ್ಡಿಗೆ ಆ ಹೆಸರು ಹಾಕಿಸಿ, ಅದನ್ನು ತೋರಿಸಿ ಭಾಲ್ಕಿಯಲ್ಲಿ ಆಧಾರ ಮಾಡಿಸಿದವಳೂ ನಾನೇ. ಅದು ತಪ್ಪಾಗಿದ್ದರೆ ತಪ್ಪು ನನ್ನದು. ವಿಚಾರಣೆ ಮುಗಿಯುವವರೆಗೆ ಅವಳನ್ನು 18ರ ಗಾಡಿ ಹತ್ತಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಈ ಹೇಳಿಕೆಯ ಆರಂಭದಲ್ಲಿ ಹೆಸರು ಕೇಳಿದಾಗ ನಾನು ಹೆದರಿ ಒಂದನ್ನೇ ಹೇಳಿದ್ದೇನೆ. ನನ್ನ ತವರು ಉದಗೀರ ಕಡೆ. ಅಲ್ಲಿ ನನ್ನನ್ನು ಮುಕ್ತಾ ಎನ್ನುತ್ತಿದ್ದರು. 40 ವರ್ಷಗಳ ಹಿಂದೆ ಇದೇ ಮನೆಯಲ್ಲಿ, ಅದೇ ತಟ್ಟೆಯಲ್ಲಿ, ನನ್ನ ಅತ್ತೆ ನನಗೆ ಲೀಲಾಬಾಯಿ ಎಂದು ಬರೆಸಿದರು. ನಾನು ಸಾಲಿಗೆ ಹೋಗಿಲ್ಲ, ನನ್ನ ಹಳೆಯ ಹೆಸರಿನ ಕಾಗದ ಎಲ್ಲಿಯೂ ಇಲ್ಲ. ಅದಕ್ಕೇ ನಾನು ಮನೆಯಲ್ಲಿದ್ದೇನೆ. ಪೂನಮ ಏಳನೇ ಈಯತ್ತೆ ಕಲಿತಿದ್ದಾಳೆ, ಅದಕ್ಕೇ ಅವಳು ಅಲ್ಲಿದ್ದಾಳೆ.

ಬರೆದುಕೊಂಡದ್ದನ್ನು ಹೆಡ್ ಕಾನ್ಸ್‌ಟೇಬಲ್ ರವಿಕಿರಣ ಅವರು ನನಗೆ ಎರಡು ಸಲ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾರೂ ಹೇಳಿಕೊಟ್ಟಿಲ್ಲ, ಹೇಳಬೇಡ ಎಂದವರ ಮಾತು ಮೀರಿ ಹೇಳಿದ್ದೇನೆ.

ಸ್ಥಳ: ಬೀದರ
ದಿನಾಂಕ: 16-12-2025, ಮಧ್ಯಾಹ್ನ 2.20

ಎಡಗೈ ಹೆಬ್ಬೆಟ್ಟಿನ ಗುರುತು
(ಲೀಲಾಬಾಯಿ ಗಂಡ ಪ್ರಭಾಕರ ಸೂರ್ಯವಂಶಿ, ಹುಟ್ಟು ಹೆಸರು ಮುಕ್ತಾ)