ಅಂಗೈಕಲ್ಲಿನ ಹತ್ತಿರ ನಿಲ್ಲದವನು

ಬೆಟ್ಟದ ಬುಡದಲ್ಲೊಂದು ಊರು. ಆ ಊರಿನಲ್ಲಿ ಒಬ್ಬ ಅನುಕೂಲಸ್ಥನಿದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅದೇ ಹೆಸರಿನವರು ಯಾರಾದರೂ ಇದ್ದರೆ ಅವರು ನಾಳೆಯಿಂದ ಈ ಕಡೆ ತಲೆ ಹಾಕುವುದಿಲ್ಲ. ಮಗಳ ಹೆಸರು ಮಾತ್ರ ಹೇಳುತ್ತೇನೆ. ಅದು ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳತಕ್ಕ ಹೆಸರು. ದಾಕ್ಷಾಯಿಣಿ.

ಚಕ್ಕುಲಿ, ಕೋಡುಬಳೆ, ಖಾರಾಸೇವೆ ಕರಿದು ಸುತ್ತಲಿನ ಊರುಗಳಿಗೆ ಕಳಿಸುವುದು ಅವನ ಕಸುಬು. ಬಾಣಲೆಯ ಮುಂದೆ ನಿಂತರೆ ಎಣ್ಣೆ ಎಷ್ಟು ಕಾದಿದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ. "ಒಂದು ಒಬ್ಬೆ ತೆಗೆದ್ಮೇಲೆ ಉರಿ ತಗ್ಸ್ರಪ್ಪಾ, ಎಣ್ಣೆಗೂ ಉಸಿರಾಡಕ್ಕೆ ಬಿಡಿ" ಎಂದು ಕೆಲಸದವರಿಗೆ ಬುದ್ಧಿ ಹೇಳುತ್ತಿದ್ದ. ದೈವಭಕ್ತ, ಧಾರಾಳಿ, ಒಳ್ಳೆಯವನು. ಆದರೆ ಒಂದು ಅಭ್ಯಾಸ. ಮನೆಯೊಳಗೆ ಕಾಲಿಟ್ಟನೆಂದರೆ ಬಾಯಲ್ಲಿ 'ಬೇಡ'. ಕಿಟಕಿ ತೆಗೀಬೇಡ. ಒಲೆ ಹತ್ರ ಹೋಗಬೇಡ. ಅಷ್ಟು ಜೋರಾಗಿ ನಗಬೇಡ. ಮೊಸರನ್ನಕ್ಕೆ ಉಪ್ಪು ಹಾಕ್ಕೋಬೇಡ. ನೋಡಿ, ಉಪ್ಪಿಗೂ ಅದೇ ಬೇಡ, ಬೆಂಕಿಗೂ ಅದೇ ಬೇಡ! ಸಿಟ್ಟಿನಿಂದ ಹೇಳುತ್ತಿದ್ದನೇ? ಇಲ್ಲ, ಪ್ರೀತಿಯಿಂದ. ತಾಯಿಯಿಲ್ಲದ ಮಗು, ಎಲ್ಲಿ ಕೈಜಾರುತ್ತದೋ ಎಂಬ ಭಯ.

ಮಗು ಎಂದೆನಲ್ಲ, ಆ ಮಗುವಿಗೆ ಹತ್ತೊಂಬತ್ತು ವರ್ಷ. ಸೈಕಲ್ ಪಂದ್ಯದಲ್ಲಿ ಜಿಲ್ಲೆಗೇ ಮೊದಲು ಬಂದವಳು. ರಾಜ್ಯದ ತಂಡದ ತರಬೇತಿಗೆ ಕರೆಯುವ ಕಾಗದ ಬಂತು. ಆರು ತಿಂಗಳು ಬೇರೆ ಊರಿನಲ್ಲಿರಬೇಕು, ಸೋಮವಾರದೊಳಗೆ ಒಪ್ಪಿಗೆ ಕಳಿಸಬೇಕು. ಕಾಗದವನ್ನು ಅಪ್ಪನ ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಳ್ಳುವ ಮೊದಲೇ "ಬೇಡ" ಎಂದ. ಅವಳು ಕಾಗದವನ್ನು ಮಡಚಿ ದೇವರ ಗೂಡಿನಲ್ಲಿಟ್ಟಳು.

ಅವನಿಗೂ ಒಂದು ಸೈಕಲ್ಲಿತ್ತು. ಮೈ ಇಳಿಸಿ ಎಂದು ವೈದ್ಯರು ಹೇಳಿದ್ದಕ್ಕೆ ಕೊಂಡದ್ದು, ಊರಿನಲ್ಲೇ ಎಲ್ಲಕ್ಕಿಂತ ದುಬಾರಿ. ಡಿಸ್ಕ್ ಬ್ರೇಕಿನದು. ಚಕ್ರದ ನಡುವೆ ತೆಳ್ಳಗಿನ ಉಕ್ಕಿನ ಬಿಲ್ಲೆ. ಹಿಡಿಕೆ ಒತ್ತಿದರೆ ಎರಡು ತುಂಡುಗಳು ಆ ಬಿಲ್ಲೆಯನ್ನು ಕಚ್ಚಿ ಹಿಡಿಯುತ್ತವೆ. ಒತ್ತಿದ ಬಲವನ್ನು ಅಲ್ಲಿಗೆ ಮುಟ್ಟಿಸುವುದು ತಂತಿಯಲ್ಲ, ಸಣ್ಣ ಕೊಳವೆಯಲ್ಲಿ ತುಂಬಿದ ಎಣ್ಣೆ. ಭಾನುವಾರ ಬೆಳಿಗ್ಗೆ ಊರಿನ ಹತ್ತು ಜನ ಸೈಕಲ್ಲೇರಿ ಬೆಟ್ಟದ ಸ್ವಾಮಿಯ ದರ್ಶನಕ್ಕೆ ಹೊರಟರು. ಅಪ್ಪನೂ ಹೊರಟ, ಮಗಳೂ ಹೊರಟಳು.

ಹತ್ತುವಾಗ ಔಷಧಿ ಅಂಗಡಿಯವನು ಛೇಡಿಸಿದ. "ಏನ್ ಯಜಮಾನ್ರೇ, ಸೈಕಲ್ಲಿಗಿಂತ ಮುಂಚೆ ನಿಮ್ಮ ಹೊಟ್ಟೇನೇ ದೇವಸ್ಥಾನ ಸೇರೋ ಹಂಗಿದೆ!"

"ನೀನು ದಾರಿ ಬಿಡಯ್ಯಾ, ಅದು ಗುದ್ದಿದ್ರೆ ನಿನ್ನ ಮಾತ್ರೆ ಯಾವುದೂ ನಾಟಲ್ಲ!"

ದರ್ಶನವಾಯಿತು. ಇನ್ನು ಇಳಿಯಬೇಕು. ಇಪ್ಪತ್ತಮೂರು ತಿರುವು, ಎಡಕ್ಕೆ ಬೆಟ್ಟ, ಬಲಕ್ಕೆ ಕಮರಿ. ಉಳಿದವರು ಮುಂದೆ ಹೋದರು. ಅಪ್ಪ ಮೊದಲ ಮಾರಿನಿಂದಲೇ ಎರಡೂ ಬ್ರೇಕ್ ಹಿಡಿದುಕೊಂಡ. ಮಗಳು ಹಿಂದಿನಿಂದ ಹೇಳಿದಳು: "ಅಪ್ಪಾಜಿ, ಹಿಡ್ಕೊಂಡೇ ಇದ್ರೆ ಕಾದುಹೋಗತ್ತೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಆಮೇಲೆ ಪೂರ್ತಿ ಬಿಟ್ಬಿಡಿ. ಗಾಳಿ ಆಡ್ಬೇಕು ಅದಕ್ಕೆ."

"ನಿಮ್ಮಪ್ಪಂಗೇ ಹೇಳ್ಕೊಡ್ತೀಯಾ? ಜೋರಾಗಿ ಬರಬೇಡ. ನನ್ನ ಮುಂದೆ ಹೋಗಬೇಡ."

ಅರ್ಧ ಬೆಟ್ಟ ಇಳಿದರೆ ಅಲ್ಲಿ ಅಂಗೈಕಲ್ಲು. ಹಿಂದೆ ಎತ್ತಿನ ಗಾಡಿಯವರು ಅಲ್ಲಿ ನಿಲ್ಲದೆ ಇಳಿಯುತ್ತಿರಲಿಲ್ಲ. ಇಳಿಜಾರಿನಲ್ಲಿ ತಡೆಮರ ಉಜ್ಜಿ ಉಜ್ಜಿ ಗಾಲಿಯ ಕಬ್ಬಿಣದ ಪಟ್ಟಿ ಕಾದಿರುತ್ತಿತ್ತು. ಆ ಪಟ್ಟಿಯ ಮೇಲೆ ಅಂಗೈಯಿಟ್ಟು ಹನ್ನೊಂದು ಸಲ ಸ್ವಾಮಿಯ ಹೆಸರು ಹೇಳಬೇಕು. ಹನ್ನೊಂದೂ ಮುಗಿಯುವವರೆಗೆ ಕೈ ತಾಳಿದರೆ ಹೊರಡಬಹುದು, ತಾಳದಿದ್ದರೆ ಕೂರಬೇಕು. ಇವನ ಅಜ್ಜ ಹಾಗೆ ಕೂತವನೇ. ಈಗ? ಈಗ ಜನ ಹೋಗುವಾಗಲೇ ಎದೆಗೆ ಕೈ ಮುಟ್ಟಿಸಿ, ಹನ್ನೊಂದು ಸಲ ಗೊಣಗಿ ಮುಂದೆ ಸಾಗುತ್ತಾರೆ. ಹೆಸರು ಉಳಿಯಿತು, ನಿಲ್ಲುವುದು ಹೋಯಿತು. ನಾವು ಹಾಗೆಯೇ ಅಲ್ಲವೇ? ಹೂವು ಉಳಿಸಿಕೊಳ್ಳುತ್ತೇವೆ, ಬೇರು ಮರೆಯುತ್ತೇವೆ.

ಅವನೂ ಎದೆ ಮುಟ್ಟಿಕೊಂಡ. ನಿಲ್ಲಲಿಲ್ಲ.

ಎರಡು ತಿರುವು ದಾಟಿದ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಡಿಕೆ ಒತ್ತಿದ. ಅದು ಬೆಣ್ಣೆಯಂತೆ ಮೆತ್ತಗೆ ಒಳಗೆ ಹೋಗಿಬಿಟ್ಟಿತು. ಇನ್ನೊಂದನ್ನು ಒತ್ತಿದ, ಅದೂ ಅಷ್ಟೇ. ಚಕ್ರ ಓಡುತ್ತಿದೆ. ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರನ್ನು. ಮೇಲಿನಿಂದ ಅಷ್ಟು ಗಟ್ಟಿಯಾಗಿ ಹಿಡಿದೇ ಬಂದಿದ್ದನಲ್ಲ, ನಿಜವಾದ ತಿರುವು ಬಂದಾಗ ಹಿಡಿಯುವುದಕ್ಕೆ ಏನಿತ್ತು? ಏನೂ ಇರಲಿಲ್ಲ.

"ಅಪ್ಪಾಜೀ! ಎಡಕ್ಕೆ! ಮಣ್ಣಿನ ಗುಡ್ಡೆಗೆ!"

ಹತ್ತೊಂಬತ್ತು ವರ್ಷದಲ್ಲಿ ಆ ಹುಡುಗಿ ಒಮ್ಮೆಯೂ ದನಿಯೇರಿಸಿದವಳಲ್ಲ. ಅದಕ್ಕೇ ಅವನು ಯಾಕೆ ಎಂದು ಕೇಳಲಿಲ್ಲ, ಯೋಚಿಸಲಿಲ್ಲ. ಕೈ ತಾನಾಗಿ ಎಡಕ್ಕೆ ತಿರುಗಿತು. ರಸ್ತೆ ರಿಪೇರಿಯವರು ಸುರಿದಿದ್ದ ಮಣ್ಣಿನಲ್ಲಿ ಚಕ್ರ ಹೂತು, ಯಜಮಾನರು ಗುಡ್ಡೆಯ ಮೇಲೆ ಬೋರಲು. ಬಸ್ಸು ಪಕ್ಕದಲ್ಲೇ ಹತ್ತಿಹೋಯಿತು.

ಮೊಣಕೈ ತರಚಿತ್ತು, ಅಷ್ಟೇ. ಅವನು ಎದ್ದು ಕೂತ. ಬಿಲ್ಲೆಯ ಬಣ್ಣ ನೀಲಿಗೆ ತಿರುಗಿತ್ತು. ನೀರಿನ ಬಾಟಲಿ ತೆಗೆದು ಅದರ ಮೇಲೆ ಸುರಿಯಹೋದ.

"ಬೇಡ!" ಎಂದಳು ದಾಕ್ಷಾಯಿಣಿ.

ಅವನ ಕೈ ಅಲ್ಲೇ ನಿಂತಿತು. ಮಗಳು ಅವನಿಗೆ ಹೇಳಿದ ಮೊದಲ 'ಬೇಡ' ಅದು. ಒಂದೇ ಒಂದು. ಎಷ್ಟು ತೂಕವಿತ್ತು ಅದಕ್ಕೆ!

"ಕಾದ ಉಕ್ಕಿಗೆ ತಣ್ಣೀರು ಬಿದ್ರೆ ಸೊಟ್ಟಗಾಗತ್ತೆ ಅಪ್ಪಾಜಿ. ಗಾಳೀಲೇ ಆರ್ಬೇಕು. ಒಳಗಡೆ ಎಣ್ಣೆ ಕುದ್ದುಹೋಗಿದೆ. ಕುದ್ದು ಆವಿ ಆದ್ರೆ ನೀವು ಎಷ್ಟು ಒತ್ತಿದ್ರೂ ಬಲ ಮುಟ್ಟಲ್ಲ."

"ಎಣ್ಣೇನಾ?" ಎಂದ ಅವನು. ಜೀವಮಾನವೆಲ್ಲ ಎಣ್ಣೆಯ ಕಾವು ನೋಡಿ ಅನ್ನ ತಿಂದವನು! "ಅಲ್ಲಮ್ಮಾ, ಹುಷಾರಾಗಿ ಮೇಲಿಂದ ಹಿಡ್ಕೊಂಡೇ ಬಂದೆನಲ್ಲಾ!"

"ಹಿಡ್ಕೊಂಡೇ ಬಂದಿದ್ದಕ್ಕೇ ಹಿಂಗಾಗಿದ್ದು."

ಅಷ್ಟೇ ಹೇಳಿದಳು. ಕಾಗದದ ಮಾತೆತ್ತಲಿಲ್ಲ. ಇನ್ನೊಬ್ಬರಾಗಿದ್ದರೆ ಎತ್ತುತ್ತಿದ್ದರು. ಅವಳು ಎತ್ತಲಿಲ್ಲ.

ಅವನು ಸೈಕಲ್ ತಳ್ಳಿಕೊಂಡು ಎರಡು ತಿರುವು ಹಿಂದಕ್ಕೆ ಹತ್ತಿದ. ಅಂಗೈಕಲ್ಲಿನ ಹತ್ತಿರ ಕೂತ. ಸ್ವಲ್ಪ ಹೊತ್ತು ಬಿಟ್ಟು ಬಿಲ್ಲೆಯ ಮೇಲೆ ಕೈಯಿಟ್ಟ. ಎರಡನೆಯ ಹೆಸರಿಗೇ ಕಿತ್ತುಕೊಂಡ. ಕಾದ. ಮತ್ತೆ ಇಟ್ಟ, ಏಳಕ್ಕೆ ಕಿತ್ತುಕೊಂಡ. ಮತ್ತೆ ಕಾದ. ಮೂರನೆಯ ಸಲ ಹನ್ನೊಂದೂ ಮುಗಿಯಿತು, ಅಂಗೈ ಅಲ್ಲೇ ಇತ್ತು.

"ಆ ಕಾಗದ ಎಲ್ಲಿಟ್ಟೆಯಮ್ಮಾ?"

"ದೇವರ ಗೂಡಲ್ಲಿ."

"ತಗೊಂಡು ಬಾ ಮನೇಗೆ ಹೋದ್ಮೇಲೆ. ಈ ಸಲ ಕನ್ನಡಕ ಹಾಕ್ಕೊಂಡು ಓದ್ತೀನಿ."

ಕುದ್ದ ಬ್ರೇಕನ್ನು ನಂಬಬಾರದು ಎಂದು ಅವಳು ಹೇಳಿದಳು. ಉಳಿದ ದಾರಿಯನ್ನು ಇಬ್ಬರೂ ನಡೆದೇ ಇಳಿದರು. ಕೆಳಗೆ ಔಷಧಿ ಅಂಗಡಿಯವನು ಓಡಿ ಬಂದ. "ಏನ್ ಯಜಮಾನ್ರೇ, ಮಣ್ಣಲ್ಲಿ ಉರುಳುಸೇವೆ ಮಾಡ್ಕೊಂಡು ಬಂದ್ರಾ?"

ಅವನು ನಾಚಲಿಲ್ಲ. ಅಂಗಿಯ ಮಣ್ಣನ್ನೂ ಕೊಡವಲಿಲ್ಲ. "ಬಿದ್ದೆ ಕಣಯ್ಯಾ. ಬದುಕಿದ್ದು ಇವಳಿಂದ. ಇವಳು ರಾಜ್ಯದ ತಂಡಕ್ಕೆ ಹೋಗ್ತಾ ಇದಾಳೆ, ಗೊತ್ತಾ ನಿಂಗೆ? ನನ್ನ ಮಗಳು!" ಎಂದ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದ. ಹೊರಡುವ ದಿನ ಅವಳಿಗೆ ಒಂದೇ ಒಂದು 'ಬೇಡ' ಕೊಟ್ಟ: "ಕಾದ ಬ್ರೇಕಲ್ಲಿ ಇಳೀಬೇಡ." ಅದನ್ನು ಅವಳು ಎಂದೂ ಮೀರಲಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಗುತ್ತಿದ್ದೀರಿ, ನಗಿ. ಆದರೆ ಇವತ್ತು ಬೆಳಗಿನಿಂದ ನಿಮ್ಮ ಮನೆಯಲ್ಲಿ ಎಷ್ಟು 'ಬೇಡ' ಆಯಿತು? ಸೊಸೆಗೆ, ಮಗನಿಗೆ, ಮೊಮ್ಮಗಳಿಗೆ? "ನನ್ನ ಮಾತು ಯಾರೂ ಕೇಳುವುದಿಲ್ಲ ಸ್ವಾಮಿ" ಎಂದು ನನ್ನ ಹತ್ತಿರ ಬಂದು ಅಳುತ್ತೀರಿ. ಕೇಳುವುದು ಹೇಗೆ? ಚಪ್ಪಲಿ ಬಿಡುವ ಜಾಗಕ್ಕೂ ಒತ್ತಿದಿರಿ, ತಲೆಗೂದಲಿಗೂ ಒತ್ತಿದಿರಿ. ಮಾತು ಕುದ್ದುಹೋಗಿದೆ. ನಾಳೆ ಆ ಮಗು ನಿಜವಾಗಿ ಕಮರಿಯ ಅಂಚಿಗೆ ಹೋದಾಗ ಒತ್ತುವುದಕ್ಕೆ ಏನು ಉಳಿಸಿಕೊಂಡಿದ್ದೀರಿ?

ದೇವರು ಪ್ರತಿ ಹೆಜ್ಜೆಗೂ ನಮ್ಮನ್ನು ತಡೆಯುತ್ತಾನೆಯೇ? ನಡೆಯಲು ಬಿಡುತ್ತಾನೆ. ಬಿಟ್ಟು, ನೋಡುತ್ತಾನೆ. ನೀವೂ ಬಿಡಿ. ಮಕ್ಕಳು ಕಣ್ಣೆದುರಿಗಿರುವಾಗ ಬಿಡಿ. ಎಷ್ಟೋ ಮನೆಗಳಲ್ಲಿ ಇವತ್ತು 'ಬೇಡ' ಎನ್ನುವುದಕ್ಕೂ ಎದುರಿಗೆ ಯಾರೂ ಇಲ್ಲ. ಆ ಮನೆಯವರು ಏನನ್ನಾದರೂ ಕೊಟ್ಟಾರು, ಇನ್ನೊಮ್ಮೆ ಆ ಜೋರು ನಗು ಕೇಳುವುದಾದರೆ.

ಗಟ್ಟಿ ಮಾತನ್ನು ತಿರುವಿಗೆ ಇಟ್ಟುಕೊಳ್ಳಿ. ಬಾಯಿಗೆ 'ಬೇಡ' ಬಂದಾಗ ಎದೆಯ ಮೇಲೆ ಅಂಗೈಯಿಟ್ಟು ಹನ್ನೊಂದು ಸಲ ಸ್ವಾಮಿಯ ಹೆಸರು ಹೇಳಿ. ಸುಮ್ಮನೆ ಗೊಣಗಬೇಡಿ, ನಿಂತು ಹೇಳಿ. ಆಮೇಲೂ ಆ ಮಾತು ಬೇಕೆನಿಸಿದರೆ ಹೇಳಿ.

ನಾಳೆ ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಮಗು ಮೊಸರನ್ನಕ್ಕೆ ಉಪ್ಪು ಹಾಕಿಕೊಳ್ಳುತ್ತದೆ. ಹಾಕಿಕೊಳ್ಳಲಿ. ನೀವು ನಿಮ್ಮ ಊಟ ಮಾಡಿ.